ಉಲ್ಲೇಖಗಳ ಕೊಳಗ

ಈಚೆಗೆ ಒಂದು ಆಯ್ಕೆ ಸಮಿತಿಯಲ್ಲಿ ಕುಳಿತುಕೊಳ್ಳುವ ಪ್ರಸಂಗ ನನಗೆ ಒದಗಿತು. ಬಂದಿದ್ದ ತರುಣರೊಬ್ಬರು ನಮ್ಮ ಮಲೆನಾಡಿನ ಮಂಗನ ಕಾಯಿಲೆಯನ್ನು ಅಭ್ಯಸಿಸಿದವರು. ಅವರ ಪ್ರಬಂಧಗಳನ್ನು ಯಾರೂ ಬಿಡಿಸಿ ನೋಡಲಿಲ್ಲ. ‘ಇವರ ಎಚ್ ಸೂಚ್ಯಂಕವೆಷ್ಟು?’ ಎಂದು ಒಬ್ಬರು ಕೇಳಿದರು. ಅಂಕ ತಿಳಿದೊಡನೆ ತೀರ್ಮಾನವೂ ಮುಗಿಯಿತು. ನಾನೂ ಸಹಿ ಹಾಕಿದೆ. ಆ ಸಹಿ ನನ್ನನ್ನು ಇಂದಿಗೂ ಚುಚ್ಚುತ್ತಿದೆ.

2005ರಲ್ಲಿ ಭೌತವಿಜ್ಞಾನಿ ಹಿರ್ಷ್ ಸೂಚಿಸಿದ ಈ ಅಳತೆ ಬಲು ಸುಲಭವಾದುದು. ಒಬ್ಬರ ಹತ್ತು ಪ್ರಬಂಧಗಳನ್ನು ಇತರ ವಿದ್ವಾಂಸರು ತಲಾ ಹತ್ತು ಬಾರಿಯಾದರೂ ಉಲ್ಲೇಖಿಸಿದ್ದರೆ ಅವರ ಸೂಚ್ಯಂಕ 10. ಒಂದೇ ಪ್ರಬಂಧ ಸಾವಿರ ಬಾರಿ ಉಲ್ಲೇಖಗೊಂಡರೂ ಅದರಿಂದ ದೊರೆಯುವುದು ಒಂದೇ ಅಂಕ. ಮಂಗನ ಕಾಯಿಲೆಯನ್ನು ಅಭ್ಯಸಿಸುವವರೇ ಕೆಲವರು. ಅವರನ್ನು ಉಲ್ಲೇಖಿಸುವವರು ಎಲ್ಲಿಂದ ಬರಬೇಕು?

ಕಲ್ಕತ್ತೆಯ ವೈದ್ಯವಿಜ್ಞಾನಿ ಶಂಭುನಾಥ ದೇ ಅವರನ್ನು ಇಲ್ಲಿ ನೆನೆಯಬೇಕು. ಕಾಲರಾದ ರೋಗಾಣು ನಂಜನ್ನು ಸ್ರವಿಸುತ್ತದೆಂದು 1884ರಲ್ಲಿ ಕೋಕ್ ಊಹಿಸಿದ್ದರು. ಎಪ್ಪತ್ತೈದು ವರ್ಷಗಳ ತರುವಾಯ ದೇ ಅದನ್ನು ತೋರಿಸಿಕೊಟ್ಟರು. ರೋಗಾಣುಗಳನ್ನು ಸೋಸಿ ತೆಗೆದು, ಉಳಿದ ದ್ರವವನ್ನು ಮೊಲದ ಕರುಳಿನ ಕಟ್ಟಿದ ತುಂಡಿನೊಳಗೆ ಸೇರಿಸಿದಾಗ ಅಲ್ಲಿ ನೀರು ತುಂಬಿಕೊಂಡಿತು. 1959ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಬಹುಕಾಲ ಯಾರೂ ಗಮನಿಸಲಿಲ್ಲ. 1985ರಲ್ಲಿ ದೇ ತೀರಿಕೊಂಡರು. ಬದುಕಿದ್ದಾಗ ಈ ದೇಶದ ವಿಜ್ಞಾನ ಅಕಾಡೆಮಿಗಳು ಅವರನ್ನು ಸದಸ್ಯರನ್ನಾಗಿ ಆರಿಸಲಿಲ್ಲ. ಬೆಂಗಳೂರಿನ ‘ಕರೆಂಟ್ ಸೈನ್ಸ್’ ಅವರಿಗೆ ವಿಶೇಷ ಸಂಚಿಕೆಯನ್ನು ಅರ್ಪಿಸಿದ್ದು 1990ರಲ್ಲಿ.

ವಿಜ್ಞಾನದಲ್ಲಿ ಉಲ್ಲೇಖಗಳ ಸೂಚಿಯನ್ನು ರೂಢಿಗೆ ತಂದ ಅಮೆರಿಕದ ಯೂಜೀನ್ ಗಾರ್‌ಫೀಲ್ಡ್‌ರೇ 1986ರಲ್ಲಿ ದೇ ಅವರ ಪ್ರಭಾವವನ್ನು ಕುರಿತು ಬರೆದರು. ‘ಹಾಗಾದರೆ ಎಣಿಕೆ ಅವರಿಗೆ ನ್ಯಾಯ ದೊರಕಿಸಿತಲ್ಲವೇ?’ ಎಂದು ಕೆಲವರು ಆಕ್ಷೇಪಿಸಬಹುದು. ದೊರಕಿಸಿತು, ನಿಜ, ಆದರೆ ಇಪ್ಪತ್ತೇಳು ವರ್ಷಗಳ ಮೇಲೆ, ದೇ ಅವರು ಇಲ್ಲವಾದ ಬಳಿಕ. ಅಲ್ಲದೆ ಗಾರ್‌ಫೀಲ್ಡ್ ಬರಿದೆ ಎಣಿಸಿ ಸುಮ್ಮನಾಗಲಿಲ್ಲ. ಆ ಪ್ರಬಂಧ ಏನನ್ನು ಸಾಧಿಸಿತೆಂಬುದನ್ನೂ ವಿವರಿಸಿದರು.

ಕೊಳಗವೇ ಬೇಡವೆಂದು ನಾನು ಹೇಳುತ್ತಿಲ್ಲ. ಕಣಕ್ಕೆ ಬಂದ ಕಾಳೆಷ್ಟೆಂಬುದು ಅದರಿಂದ ತಿಳಿದೀತು. ಇದೀಗ ಬಿತ್ತಿದ ಬೀಜದ ಸತ್ವ ತಿಳಿಯದು. ತರುಣ ಸಂಶೋಧಕರ ವಿಷಯದಲ್ಲಿ ನಮಗೆ ತಿಳಿಯಬೇಕಾದುದು ಬೀಜದ ಸತ್ವವೇ. ಅದಕ್ಕೆ ಓದುವುದೊಂದೇ ದಾರಿ. ಇನ್ನೊಮ್ಮೆ ಅಂಥ ಸಮಿತಿಗೆ ಕರೆ ಬಂದರೆ, ಮೊದಲು ಪ್ರಬಂಧಗಳನ್ನು ತರಿಸಿ ಓದುವೆನು. ಅಂಕವನ್ನು ಆಮೇಲೆ ಕೇಳುವೆನು.