ಕುದುರೆಯ ಋಣ

ನಮ್ಮ ಸೋಮನಹಳ್ಳಿ ಕಡೆ ರಾತ್ರಿ ಹೊತ್ತು ‘ಹಾವು’ ಅನ್ನಲ್ಲ, ‘ಹುಳ’ ಅಂತಾರೆ. ಎರಡು ವರ್ಷದ ಹಿಂದೆ ಕಬ್ಬಿಗೆ ನೀರು ಕಟ್ಟೋಕೆ ಹೋದ ಚಿಕ್ಕಪ್ಪನಿಗೆ ಹುಳ ಮುಟ್ಟಿತು. ನಾಗರ. ಮಂತ್ರ ಹಾಕಿಸೋಣ ಅಂದವರ ಮಾತು ಕೇಳದೆ ಚಿಕ್ಕಮ್ಮ ಬೈಕ್ ಹತ್ತಿಸಿ ಮದ್ದೂರಿಗೆ ಕಳಿಸಿದರು. ಬದುಕಿದರು.

ಉಳಿಸಿದ್ದು ಕುದುರೆ! ಅದಕ್ಕೆ ಸ್ವಲ್ಪ ಸ್ವಲ್ಪವೇ ವಿಷ ಕೊಟ್ಟು, ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳಿಂದಲೇ ಔಷಧಿ ಮಾಡ್ತಾರೆ. ಆದರೆ ಕುದುರೆಯ ಪ್ರೋಟೀನ್ ನಮ್ಮ ದೇಹಕ್ಕೆ ಹೊರಗಿನದು. ಕೆಲವರಿಗೆ ಅಲರ್ಜಿಯಾಗಿ ಅದೇ ಜೀವಕ್ಕೆ ಕುತ್ತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುಣಗಾರ್ ತಂಡ ಇದಕ್ಕೇ ಪಟ್ಟು ಹಿಡಿದು ಕೂತಿದೆ. ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯವರ ಜೊತೆ ಸೇರಿ, ಯೀಸ್ಟ್ ಕೋಶಗಳ ಮೇಲೆ ಮನುಷ್ಯರ ಕೋಟ್ಯಂತರ ಪ್ರತಿಕಾಯಗಳನ್ನು ಮೂಡಿಸಿ, ವಿಷಕ್ಕೆ ಗಟ್ಟಿಯಾಗಿ ಅಂಟುವ ಒಂದನ್ನು ಹುಡುಕಿದರು. 2024ರಲ್ಲಿ ಪ್ರಕಟವಾಯ್ತು. ನಾಗರ, ಕಟ್ಟುಹಾವಿನ ಜಾತಿಯವುಗಳ ನರವಿಷದಿಂದ ಅದು ಇಲಿಗಳನ್ನು ಉಳಿಸಿದೆ. ರಕ್ತ ಕೆಡಿಸುವ ಕೊಳಕುಮಂಡಲದ ವಿಷಕ್ಕೆ ಬೇರೆಯದೇ ಬೇಕು.

ನಾನು ಬೆಳಗ್ಗೆ ಬರೆದ ಕೋಡ್ ಸಂಜೆಗೆ ಓಡುತ್ತೆ. ಅವರ ಕೆಲಸ ಚಿಕ್ಕಪ್ಪನ ಗದ್ದೆ ತಲುಪೋಕೆ ಇನ್ನೂ ವರ್ಷಗಳು ಬೇಕು. ಅಲ್ಲೀತನಕ ಟಾರ್ಚು, ಬೂಟು, ಆಸ್ಪತ್ರೆ. ದಿನಾ ರಾತ್ರಿ ಫೋನಲ್ಲಿ ಅಪ್ಪನಿಗೆ ಈ ಮೂರನ್ನೇ ಹೇಳ್ತೀನಿ.