ಅಧ್ಯಕ್ಷರನ್ನು ತೂಗುವ ತಕ್ಕಡಿ

ಅಮೆರಿಕ ಸಂಯುಕ್ತ ಸಂಸ್ಥಾನದ ಅಧ್ಯಕ್ಷರನ್ನು ಮೆಚ್ಚುವವರು ಸೇಕಡಾ ಇಷ್ಟು, ಮೆಚ್ಚದವರು ಸೇಕಡಾ ಇಷ್ಟು ಎಂಬ ಲೆಕ್ಕವು ಪತ್ರಿಕೆಗಳಲ್ಲಿ ಆಗಾಗ ಪ್ರಕಟವಾಗುವುದನ್ನು ವಾಚಕರು ಕಂಡಿರುತ್ತಾರೆ. ಅಂಕಿ ಏರಿದರೆ ಅಧ್ಯಕ್ಷರು ಸಮರ್ಥರು, ಇಳಿದರೆ ಅಸಮರ್ಥರು ಎಂದು ತೀರ್ಪು ಕೊಟ್ಟುಬಿಡುವ ಅಭ್ಯಾಸವು ನಮ್ಮ ಜನರಲ್ಲಿಯೂ ಬೆಳೆದಿದೆ. ಈ ತಕ್ಕಡಿಯು ನಿಜವಾಗಿ ತೂಗುವುದು ಏನನ್ನು ಎಂಬುದನ್ನು ವಿಚಾರಿಸಿ ನೋಡುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಜಾರ್ಜ್ ಗ್ಯಾಲಪ್ ಎಂಬವರು 1935ರಲ್ಲಿ ಲೋಕಮತವನ್ನು ಅಳೆಯುವ ಸಂಸ್ಥೆಯನ್ನು ಸ್ಥಾಪಿಸಿದಂದಿನಿಂದ ಈ ಲೆಕ್ಕವು ನಡೆದು ಬಂದಿದೆ. ಹ್ಯಾರಿ ಟ್ರೂಮನ್ನರು 1945ರಲ್ಲಿ ಅಧಿಕಾರಕ್ಕೆ ಬಂದ ಹೊಸತರಲ್ಲಿ ಸೇಕಡಾ 87 ಮಂದಿ ಅವರನ್ನು ಮೆಚ್ಚಿದರು. ಕೊರಿಯಾದ ಯುದ್ಧ ಬೆಳೆಯುತ್ತ ಹೋಯಿತು. 1951ರಲ್ಲಿ ಜನಪ್ರಿಯ ದಂಡನಾಯಕ ಮೆಕಾರ್ಥರರನ್ನು ಅವರು ಹುದ್ದೆಯಿಂದ ತೆಗೆದರು. 1952ರ ಫೆಬ್ರವರಿಯಲ್ಲಿ ಮೆಚ್ಚುವವರು ಸೇಕಡಾ 22ಕ್ಕೆ ಇಳಿದಿದ್ದರು. ಆದರೆ ಹತ್ತೇ ವರ್ಷಗಳ ತರುವಾಯ, 1962ರಲ್ಲಿ, ಪ್ರೊಫೆಸರ್ ಶ್ಲೆಸಿಂಜರರು 75 ಮಂದಿ ಪಂಡಿತರ ಅಭಿಪ್ರಾಯ ಕೇಳಿದಾಗ ಅದೇ ಟ್ರೂಮನ್ನರಿಗೆ ಒಂಬತ್ತನೆಯ ಸ್ಥಾನವು ದೊರೆಯಿತು. ಮನುಷ್ಯನು ಬದಲಾಗಲಿಲ್ಲ, ಮಾಡಿದ ಕೆಲಸವೂ ಬದಲಾಗಲಿಲ್ಲ. ನೋಡುವ ದೂರ ಮಾತ್ರ ಬದಲಾಯಿತು.

ಇನ್ನೊಂದು ವಿಚಿತ್ರವುಂಟು. 1961ರ ಏಪ್ರಿಲಿನಲ್ಲಿ ಕ್ಯೂಬಾದ ಮೇಲೆ ನಡೆಸಿದ ಸಾಹಸವು ಪೂರ್ತಿ ವಿಫಲವಾದ ಬೆನ್ನಿಗೇ ಕೆನೆಡಿಯವರ ಮೆಚ್ಚುಗೆ ಸೇಕಡಾ 83ಕ್ಕೆ ಏರಿತು! ಕಿರಿಯ ಬುಷ್‌ರು 2001ರ ಸೆಪ್ಟೆಂಬರಿನ ದಾಳಿಯ ಅನಂತರ ಸೇಕಡಾ 90ನ್ನು ಮುಟ್ಟಿ, 2008ರಲ್ಲಿ 25ಕ್ಕೆ ಕುಸಿದರು. ಸಂಕಟ ಬಂದಾಗ ಜನರು ಮನೆಯ ಯಜಮಾನನ ಸುತ್ತ ನೆರೆಯುತ್ತಾರೆ. ಅವನ ಗುಣದೋಷಗಳ ಲೆಕ್ಕ ಆ ಕ್ಷಣಕ್ಕೆ ಮೂಲೆ ಸೇರುತ್ತದೆ.

ಲೋಕಮತದ ಈ ಏರಿಳಿತವನ್ನಾದರೂ ಸಹಿಸಬಹುದು. ಪಕ್ಷಾಭಿಮಾನವು ಮತವನ್ನು ಕಲ್ಲಾಗಿಸುವುದು ಅದಕ್ಕಿಂತ ಕೆಡುಕಿನದು. 1953ರಿಂದ 1961ರ ವರೆಗೆ ಆಳಿದ ರಿಪಬ್ಲಿಕನ್ ಐಸೆನ್‌ಹೋವರರನ್ನು ಎದುರು ಪಕ್ಷದ ಡೆಮೊಕ್ರಾಟರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಮೆಚ್ಚುತ್ತಿದ್ದರು. ಟ್ರಂಪರ ಮೊದಲನೆಯ ಅವಧಿಯಲ್ಲಿ, 2017ರಿಂದ 2021ರ ವರೆಗೆ, ಎದುರು ಪಕ್ಷದವರಲ್ಲಿ ಮೆಚ್ಚಿದವರು ಸರಾಸರಿ ಹತ್ತರಲ್ಲಿ ಒಬ್ಬರೂ ಇಲ್ಲ. ಸ್ವಪಕ್ಷದವರಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ! ತರುವಾಯ ಬಂದ ಬೈಡನ್‌ರಿಗೂ ಎದುರು ಪಕ್ಷದಿಂದ ಸಿಕ್ಕಿದ್ದು ಇದೇ ಮರ್ಯಾದೆ.

2016ರ ನವೆಂಬರಿನಲ್ಲಿ ಚುನಾವಣೆಯ ಫಲಿತಾಂಶ ಬಂತು. ಹೊಸ ಅಧ್ಯಕ್ಷರು ಇನ್ನೂ ಅಧಿಕಾರ ವಹಿಸಿಕೊಂಡಿರಲಿಲ್ಲ. ಒಂದು ಕಾಯಿದೆಯೂ ಬದಲಾಗಿರಲಿಲ್ಲ. ಆದರೂ ದೇಶದ ಆರ್ಥಿಕ ಸ್ಥಿತಿ ಹದಗೆಡುತ್ತಿದೆ ಎನ್ನುತ್ತಿದ್ದ ರಿಪಬ್ಲಿಕನ್ನರಿಗೆ ಅದು ಒಮ್ಮೆಲೇ ಸುಧಾರಿಸುತ್ತಿರುವಂತೆ ತೋರಿತು; ಡೆಮೊಕ್ರಾಟರ ವಿಶ್ವಾಸವು ಕುಗ್ಗಿತು. 2020ರ ಚುನಾವಣೆಯಾದ ಮೇಲೆ ಇದೇ ನಾಟಕವು ಪಾತ್ರ ಬದಲಿಸಿ ನಡೆಯಿತು.

ಸಂಪಾದಕನ ಕುರ್ಚಿಗೆ ಬರುವ ಮೊದಲು ನಾವು ಬಹುಕಾಲ ಹೋಟೆಲಿನ ಗಲ್ಲಾದಲ್ಲಿ ಕುಳಿತವರು. ನಾವು ಆ ಹೋಟೆಲನ್ನು ವಹಿಸಿಕೊಂಡ ಮರುದಿನ, ಅದೇ ಭಟ್ಟರು ಅದೇ ಪಾತ್ರೆಯಲ್ಲಿ ಮಾಡಿದ ಸಾಂಬಾರು ಹಳೆಯ ಮಾಲಿಕರ ಸ್ನೇಹಿತರಿಗೆ ನೀರಾಗಿಯೂ ನಮ್ಮ ಊರಿನವರಿಗೆ ಅಮೃತವಾಗಿಯೂ ತೋರಿತು. ಆ ದೂರು ಕೇಳಿ ನಾವು ನೊಂದೆವು. ಆ ಹೊಗಳಿಕೆ ಕೇಳಿ ಉಬ್ಬಿದೆವು. ಎರಡೂ ಸಾಂಬಾರಿನ ಮಾತಲ್ಲವೆಂದು ತಿಳಿಯಲು ನಮಗೆ ಬಹಳ ದಿನ ಬೇಕಾಯಿತು. ಅಷ್ಟರಲ್ಲಿ ಒಂದು ಅನರ್ಥವಾಗಿತ್ತು: ಒಂದು ದಿನ ಬೇಳೆ ನಿಜವಾಗಿಯೇ ಸೀದುಹೋದಾಗ, ದೂರಿದವರ ಮಾತನ್ನು ನಾವು ನಂಬಲಿಲ್ಲ, ನಂಬತಕ್ಕ ನಮ್ಮವರು ಬಾಯಿ ಬಿಡಲಿಲ್ಲ.

ರಾಜ್ಯಭಾರದಲ್ಲಿಯೂ ಅಪಾಯವಿರುವುದು ಇಲ್ಲಿಯೇ. ಏನು ಮಾಡಿದರೂ ನಮ್ಮವರು ಹೊಗಳುತ್ತಾರೆ, ಏನು ಮಾಡಿದರೂ ಅವರು ತೆಗಳುತ್ತಾರೆ ಎಂದು ಖಾತ್ರಿಯಾದ ಮೇಲೆ ಅಧ್ಯಕ್ಷನಿಗೆ ಯಾರ ಭಯವಿದ್ದೀತು? 1972ರಲ್ಲಿ 50 ಸಂಸ್ಥಾನಗಳ ಪೈಕಿ 49ನ್ನು ಗೆದ್ದ ನಿಕ್ಸನ್‌ರಿಗೆ 1974ರ ಆಗಸ್ಟಿನ ಹೊತ್ತಿಗೆ ಉಳಿದಿದ್ದ ಮೆಚ್ಚುಗೆ ಸೇಕಡಾ 24. ಆದರೆ ಅವರನ್ನು ಕದಲಿಸಿದ್ದು ವಿರೋಧಿಗಳ ಕೂಗೊಂದೇ ಅಲ್ಲ. ಆಗಸ್ಟ್ 7ರಂದು ಅವರದೇ ಪಕ್ಷದ ಹಿರಿಯ ಬ್ಯಾರಿ ಗೋಲ್ಡ್‌ವಾಟರರು ಇನ್ನಿಬ್ಬರೊಡನೆ ಶ್ವೇತಭವನಕ್ಕೆ ಹೋಗಿ, ಸೆನೆಟಿನಲ್ಲಿ ತಮ್ಮನ್ನು ಉಳಿಸುವಷ್ಟು ಮತಗಳಿಲ್ಲ ಎಂದು ಮುಖಾಮುಖಿ ತಿಳಿಸಿದರು. ಮರುದಿನವೇ ನಿಕ್ಸನ್‌ರು ರಾಜೀನಾಮೆಯನ್ನು ಘೋಷಿಸಿದರು. ತನ್ನವರ ಬಾಯಿಂದ ಬಂದ ಸತ್ಯಕ್ಕಿರುವ ತೂಕ ಅಂಥದು.

ಪಕ್ಷವೇ ಬೇಡವೆಂದು ನಾವು ಹೇಳುವುದಿಲ್ಲ. ಪಕ್ಷಗಳಿಲ್ಲದೆ ಪ್ರಜಾಪ್ರಭುತ್ವವು ನಡೆಯದು. ಪಂಡಿತರ ತೀರ್ಪೂ ಪಕ್ಷಪಾತರಹಿತವೆಂದು ನಾವು ವಾದಿಸುವುದಿಲ್ಲ. ಒಬ್ಬ ಅಧ್ಯಕ್ಷನನ್ನು ಹೊಗಳುವ ಮೊದಲು, ಹಳಿಯುವ ಮೊದಲು, ಇದೇ ಕೆಲಸವನ್ನು ಎದುರು ಪಕ್ಷದವನು ಮಾಡಿದ್ದರೆ ನಾನು ಏನೆನ್ನುತ್ತಿದ್ದೆ ಎಂದು ಪ್ರತಿಯೊಬ್ಬನೂ ತನ್ನನ್ನು ಕೇಳಿಕೊಳ್ಳಲಿ. ಎರಡೂ ಸಂದರ್ಭಗಳಲ್ಲಿ ಉತ್ತರವು ಒಂದೇ ಆದರೆ ಅದು ಅಭಿಪ್ರಾಯ. ಬೇರೆಯಾದರೆ ಅದು ಬರಿಯ ಅಭಿಮಾನ. ಪತ್ರಿಕೆ ನಡೆಸುವ ನಮಗೂ ಈ ಪ್ರಶ್ನೆಯಿಂದ ವಿನಾಯಿತಿಯಿಲ್ಲ.