ನಡುನೀರಿನಲ್ಲಿ ನಿಲ್ಲುವ ಯಂತ್ರ

ಬಸವಕಲ್ಯಾಣದ ತ್ರಿಪುರಾಂತ ಕೆರೆಯಾಗಲಿ, ಹುಮನಾಬಾದಿಗೆ ಸಮೀಪದ ಕಾರಂಜಾ ಜಲಾಶಯವಾಗಲಿ, ನಡುನೀರಿನಲ್ಲಿ ಹಳೆಯ ದೋಣಿಯಂತ್ರವು ನಿಂತರೆ ಪ್ರಾಣಕ್ಕೇ ಸಂಚಕಾರ. ಹೊಸ ಭಾಗಗಳನ್ನು ಕೊಳ್ಳುವ ಮುನ್ನ ಅನ್ವಯ-ವ್ಯತಿರೇಕಗಳಿಂದ, ಎಂದರೆ ಯಾವುದು ಇದ್ದರೆ ದೋಷವುಂಟು, ಯಾವುದು ಇಲ್ಲದಿದ್ದರೆ ದೋಷವಿಲ್ಲ ಎಂಬುದನ್ನು ನೋಡಿ, ಕಾರಣವನ್ನು ನಿಶ್ಚಯಿಸತಕ್ಕದ್ದು.

ದೋಣಿಯನ್ನು ದಡಕ್ಕೆ ಕಟ್ಟಿ ಪರೀಕ್ಷಿಸಿರಿ. ಮೊದಲು ತೈಲಪಾತ್ರೆಯ ಮುಚ್ಚಳದ ಗಾಳಿಕಿಂಡಿಯನ್ನು ತೆರೆಯಿರಿ. ಅದು ಮುಚ್ಚಿದ್ದರೆ ಪೆಟ್ರೋಲು ಸರಾಗವಾಗಿ ಹರಿಯದು. ಯಂತ್ರವು ಕುಗ್ಗುವಾಗ ನಳಿಗೆಯ ರಬ್ಬರು ಬುಡ್ಡಿಯನ್ನು ಹಿಸುಕಿರಿ. ಒಡನೆ ಚೇತರಿಸಿದರೆ ಪಂಪು ದುರ್ಬಲ, ಇಲ್ಲವೆ ನಳಿಗೆಯು ಗಾಳಿಯನ್ನು ಹೀರುತ್ತಿದೆ. ಬುಡ್ಡಿಯು ಚಪ್ಪಟೆಯಾಗಿಯೇ ಉಳಿದರೆ ಪಾತ್ರೆಯ ಕಡೆಗೆ ಅಡಚಣೆ. ತುಂಬಿ ಗಟ್ಟಿಯಾಗಿದ್ದರೂ ಯಂತ್ರವು ಚೇತರಿಸದಿದ್ದರೆ ಕಾರ್ಬುರೇಟರನ್ನು ಶೋಧಿಸಿರಿ.

ಈಗಿನ ಪೆಟ್ರೋಲಿನಲ್ಲಿ ಬೆರೆತಿರುವ ಎಥನಾಲು ತೇವವನ್ನು ಹೀರುತ್ತದೆ, ಹಳೆಯ ರಬ್ಬರನ್ನೂ ಕೆಡಿಸುತ್ತದೆ. ಪರೀಕ್ಷೆಯ ಕಾಲದಲ್ಲಿ ಬೆಂಕಿಯು ಸಮೀಪದಲ್ಲಿರಕೂಡದು. ಯಂತ್ರವೆಷ್ಟೇ ಚೆನ್ನಾಗಿರಲಿ, ದೋಣಿಯಲ್ಲಿ ಹುಟ್ಟೊಂದು ಇರಲೇಬೇಕು.